ನಾಲ್ಕು ಚೀಲ ಪ್ಲಾಸ್ಮಾ

ಅಪ್ಪನಿಗೆ ಲಿವರ್ ಸಿರೋಸಿಸ್. ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿ ಊಟ ಸೇರದಂತಾದಾಗ ಅಡ್ಮಿಟ್ ಮಾಡಿದೆವು. ಸೂಜಿ ಹಾಕಿ ನೀರು ತೆಗೆಯಬೇಕು ಎಂದರು. ರಿಪೋರ್ಟ್‌ನಲ್ಲಿ ಐಎನ್‌ಆರ್ 1.9 ಅಂತ ಕಂಡಿತು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸುವ ಅಂಕಿ ಅದು; ಜಾಸ್ತಿ ಇದ್ದರೆ ಸೂಜಿ ಚುಚ್ಚಿದಲ್ಲಿ ರಕ್ತ ನಿಲ್ಲದೇನೋ ಎಂಬ ಭಯ. ನೋಡಿದ್ದೇ ತಡ, ಪ್ಲಾಸ್ಮಾ (ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ರಕ್ತದ ದ್ರವ) ತರಲು ನಾನು ಬ್ಲಡ್ ಬ್ಯಾಂಕಿಗೆ ಹೊರಟು ನಿಂತೆ.

ಹೋದ ಸಲ ಬೇರೊಂದು ಆಸ್ಪತ್ರೆಯಲ್ಲಿ ಹಾಗೇ ಮಾಡಿಸಿದ್ದರು. ಮಂಜುಗಡ್ಡೆಯಂತೆ ಗಟ್ಟಿಯಾಗಿದ್ದ ನಾಲ್ಕು ಚೀಲ ಪ್ಲಾಸ್ಮಾವನ್ನು 37 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಕರಗಿಸುವವರೆಗೂ ಕಿಟಕಿಯ ಮುಂದೆ ಕಾದಿದ್ದೆ. ಕೈಗೆ ಬಂದಾಗ ತಿಳಿ ಹಳದಿ ಬಣ್ಣ. ನಾಲ್ಕೂ ಏರಿಸಿದರು. ಆ ರಾತ್ರಿ ಅಪ್ಪನಿಗೆ ಉಸಿರು ಕಟ್ಟಿತು. ಮಲಗಲಾಗದೆ ಮಂಚದ ಕಂಬಿ ಹಿಡಿದು ಬೆಳಗಿನವರೆಗೆ ಕೂತೇ ಇದ್ದರು. ಮೈಯಲ್ಲಿ ನೀರು ಜಾಸ್ತಿಯಾಯ್ತು ಅಂತ ಆಕ್ಸಿಜನ್ ಹಾಕಿ, ಇಂಜೆಕ್ಷನ್ ಕೊಟ್ಟರು. ಆದರೂ ರಕ್ತಸ್ರಾವ ಆಗದೇ ಇದ್ದದ್ದು ಪ್ಲಾಸ್ಮಾದಿಂದಲೇ ಎಂದು ನಾನು ನಂಬಿದ್ದೆ.

ಈ ಸಲದ ಡಾಕ್ಟರ್, "ಪ್ಲಾಸ್ಮಾ ಬೇಡಮ್ಮ" ಎಂದರು. ನಾನು ಹೆಚ್ಚುಕಡಿಮೆ ಜಗಳಕ್ಕೇ ನಿಂತೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಸ್ಟೂಲ್ ಎಳೆದುಕೊಂಡು ಕೂತರು.

"ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಹೆಚ್ಚಿನವನ್ನು ಮಾಡೋದು ಲಿವರ್. ಅತಿಯಾಗಿ ಹೆಪ್ಪುಗಟ್ಟದ ಹಾಗೆ ತಡೆಯೋ ಪ್ರೋಟೀನುಗಳನ್ನೂ ಅದೇ ಮಾಡುತ್ತೆ. ಲಿವರ್ ಸೊರಗಿದರೆ ಎರಡೂ ಕಮ್ಮಿ ಆಗುತ್ತೆ, ತಕ್ಕಡಿಯ ಎರಡೂ ತಟ್ಟೆಯಿಂದ ತೂಕ ತೆಗೆದ ಹಾಗೆ. ಐಎನ್‌ಆರ್ ನೋಡೋದು ಒಂದು ತಟ್ಟೆ ಮಾತ್ರ. ಪ್ಲಾಸ್ಮಾ ಹಾಕಿದರೆ ನಂಬರ್ ಒಂಚೂರು ಇಳೀಬಹುದು, ಅಷ್ಟೇ. ರಕ್ತ ಹೋಗ್ತಾ ಇದ್ದರೆ ಆ ಮಾತು ಬೇರೆ. ಸುಮ್ನೆ ಮುಂಚೆನೇ ಏರಿಸಿದರೆ ಹೊಟ್ಟೆಯ ರಕ್ತನಾಳಗಳಲ್ಲಿ ಒತ್ತಡ ಹೆಚ್ಚುತ್ತೆ. ಹೋದ ಸಲ ಉಸಿರು ಕಟ್ಟಿದ್ದು ನೆನಪಿದೆ ಅಲ್ವಾ?"

ನೆನಪಿತ್ತು. ಅಪ್ಪನ ಆ ಸಂಕಟಕ್ಕೂ ಆ ಚೀಲಗಳಿಗೂ ನಂಟಿರಬಹುದು ಅಂತ ಯಾರೂ ನಮಗೆ ಬಿಡಿಸಿ ಹೇಳಿರಲಿಲ್ಲ. ಹೇಳಬೇಕಿತ್ತು.

ಸ್ಕ್ಯಾನ್ ಮಾಡಿ, ಹೊಟ್ಟೆಯ ಎಡಗಡೆ ಪೆನ್ನಿನಲ್ಲಿ ಗುರುತು ಹಾಕಿ ಸೂಜಿ ಇಳಿಸಿದರು. ನಳಿಗೆಯಲ್ಲಿ ಇಳಿದ ನೀರೂ ಅದೇ ತಿಳಿ ಹಳದಿ. ಒಟ್ಟು ಆರು ಲೀಟರ್! ಐದು ದಾಟಿದ್ದರಿಂದ ಎರಡು ಬಾಟಲಿ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಕೊಟ್ಟರು. ನೀರು ತೆಗೆದ ಮೇಲೆ ಬಿಪಿ ಬೀಳದಿರಲಿ, ಕಿಡ್ನಿಗೆ ಹೊಡೆತ ಬೀಳದಿರಲಿ ಅಂತ ಅದು ಬೇಕೇ ಬೇಕಂತೆ.

ರಾತ್ರಿ ಗಂಟೆಗೊಮ್ಮೆ ಎದ್ದು ಮೊಬೈಲ್ ಟಾರ್ಚ್ ಹಾಕಿ ಪ್ಲಾಸ್ಟರ್ ನೋಡಿದೆ. ಹತ್ತಿಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು. ಬೆಳಗಾದರೂ ಅಷ್ಟೇ ಇತ್ತು. ಅಪ್ಪ ಒಂದೇ ದಿಂಬಿನ ಮೇಲೆ ಕಾಲು ಚಾಚಿ ಮಲಗಿದ್ದರು.