ಒಂದು ಇಂಚು ಇಪ್ಪತ್ತು ಸೆಂಟು

ಫೋನಿನಲ್ಲಿ ಮಗಳು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು.

"ಅಪ್ಪಾ, ಸೆಂಟು ಬಂತಾ?"

"ಬಂತು ಮಗಾ. ಒಂದು ಇಂಚು ಇಪ್ಪತ್ತು ಸೆಂಟು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಜೋರು ನಗು. ಅವಳು ಕೇಳಿದ್ದು ಬೆಂಗಳೂರಿನಿಂದ ಕೊರಿಯರ್ ಮಾಡಿದ್ದ ಬಾಟಲಿಯ ವಿಷಯ. ನಾನು ಹೇಳಿದ್ದು ಹಿಂದಿನ ರಾತ್ರಿ ಬಿದ್ದ ಹೂಮಳೆಯ, ಅಂದರೆ ಕಾಫಿ ಹೂವು ಅರಳಿಸುವ ಮಳೆಯ, ಲೆಕ್ಕ. ಕೊಡಗಿನಲ್ಲಿ ಕಾಫಿ ಬೆಳೆಯುವವನಿಗೆ ಸೆಂಟು ಅಂದರೆ ಮೊದಲು ಮಳೆ, ಇಂಚಿನಲ್ಲಿ ನೂರನೇ ಒಂದು ಪಾಲು. ಆಮೇಲೆ ಜಾಗ, ಎಕರೆಯಲ್ಲಿ ನೂರನೇ ಒಂದು ಪಾಲು. ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ಅಷ್ಟು ಸಾಕು. ಮೈಗೆ ಹಾಕಿಕೊಳ್ಳುವ ಸೆಂಟಿನ ಸರದಿ ಇವೆರಡೂ ಮುಗಿದ ಮೇಲೆ.

ಬಾಟಲಿ ಮಾರನೇ ದಿನ ಬಂತು. ಹೂವಿನ ಸೆಂಟು. ಗಂಡಸರದ್ದೋ ಹೆಂಗಸರದ್ದೋ ಅಂತ ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ಐವತ್ತಾರು ವರ್ಷದ, ಹುಲ್ಲು ಹೊಡೆಯುವ ಮಿಷನ್ನಿನ ಪೆಟ್ರೋಲು ಮತ್ತು ಹಂಡೆ ಒಲೆಯ ಹೊಗೆ ಬಿಟ್ಟು ಬೇರೇನೂ ಪೂಸಿಕೊಳ್ಳದ ನನಗೆ ಇದು ಯಾಕೆ ಅಂದರೆ, "ಬೆಟ್ಟದ ವಾಸನೆ ಅಪ್ಪಾ, ಹಾಕಿ ನೋಡಿ ಹೇಗಿದೆ ಹೇಳಿ. ಬೆಟ್ಟದಲ್ಲಿ ಇರೋರು ನೀವು ತಾನೆ" ಅಂದಳು. ಪೆಟ್ಟಿಗೆಯ ಮೇಲಿನ ಬರಹವನ್ನು ಅವಳೇ ಫೋನಿನಲ್ಲಿ ಕನ್ನಡ ಮಾಡಿ ಹೇಳಿದಳು: ಎತ್ತರದ ಬೆಟ್ಟ, ಮಂಜು, ಕಾಡು ಹೂಗಳು, ದೇವದಾರು. ಮಂಜು ಅಂದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ಜುಲೈ ತಿಂಗಳಲ್ಲಿ ಅಂಗಳದ ತನಕ ಬಂದು ಒಣಗಲು ಹಾಕಿದ ಬಟ್ಟೆಗೆ ಬೂಸ್ಟು ಹಿಡಿಸುವ ನಮ್ಮ ಮಂಜು. ಅವಳು ಹೇಳಿದ್ದು ಬಿಳಿಯ ಗಟ್ಟಿ ಮಂಜು, ಯುರೋಪಿನದು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ. ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರದ ತಡಿಯಂಡಮೋಳು ಬೆಟ್ಟವೇ 1748 ಮೀಟರು. ಅಲ್ಲಿ ಬೀಳುವುದು ಮಳೆ, ಮತ್ತೆ ಮಳೆ.

ಇನ್ನೂ ಒಂದು ವಿಷಯ ಹೇಳಿದಳು. ಅದರಲ್ಲಿರುವ ಮುಖ್ಯ ಹೂವು ಲಿಲಿ ಆಫ್ ದಿ ವ್ಯಾಲಿ, ಸಣ್ಣ ಬಿಳಿ ಗಂಟೆಯಂಥ ಹೂವು. ಅದನ್ನು ಬಟ್ಟಿ ಇಳಿಸಿದರೆ ಸೆಂಟಿಗೆ ಬೇಕಾದ ಎಣ್ಣೆ ಸಿಗುವುದಿಲ್ಲವಂತೆ. ಹಾಗಾಗಿ ಬೇರೆ ಬೇರೆ ರಾಸಾಯನಿಕ ಕೂಡಿಸಿ ಆ ಹೂವಿನ ಹಾಗೆ ಕಾಣಿಸುವುದು. ನನಗೆ ಅದು ಮೋಸ ಅನಿಸಲಿಲ್ಲ. ಹೂವು ಕೊಡುವುದಿಲ್ಲ ಅಂತ ಹಟ ಹಿಡಿದರೆ ಮನುಷ್ಯ ಏನಾದರೂ ಮಾಡಲೇಬೇಕಲ್ಲ.

ಒಂಬತ್ತು ದಿನ ಬಾಟಲಿ ಕಪಾಟಿನಲ್ಲೇ ಇತ್ತು. ಆ ಒಂಬತ್ತು ದಿನ ಮೊಗ್ಗು ನೋಡುವುದೇ ಕೆಲಸ. ರೋಬಸ್ಟಾ ಜಾತಿಯ ಕಾಫಿ ಗಿಡ ಬೇಸಿಗೆಯಲ್ಲಿ ಹಸಿರು ಕಡ್ಡಿಯಂಥ ಮೊಗ್ಗು ಕಟ್ಟಿಕೊಂಡು ಮಳೆಗೆ ಕಾಯುತ್ತಾ ನಿಂತಿರುತ್ತದೆ. ಮಳೆ ಬಿದ್ದು ವಾರ, ಹತ್ತು ದಿನಕ್ಕೆ ಒಂದೇ ಬೆಳಗ್ಗೆ ತೋಟವೆಲ್ಲ ಬೆಳ್ಳಗೆ. ಆ ಬೆಳಗ್ಗೆ ಶುಕ್ರವಾರ ಬಂತು, ಮಡಿಕೇರಿ ಸಂತೆ. ಮಾರ್ಚ್ ಕೊನೆ ಬೇರೆ, ಸೊಸೈಟಿ ಸಾಲ ಕಟ್ಟಿ ತಿರುಗಿ ತೆಗೆಯಬೇಕು. ಹೇಗೂ ಪೇಟೆಗೆ ಹೋಗುವ ದಿನ, ಆಗಿಹೋಗಲಿ ಅಂತ ಮಣಿಕಟ್ಟಿಗೆ ಒಂದು ಸಲ, ಕಿವಿಯ ಹಿಂದೆ ಒಂದು ಸಲ ಒತ್ತಿದೆ.

ಬಂದದ್ದು ಕಿತ್ತಳೆ ಸಿಪ್ಪೆ.

ಮಂಜಿಲ್ಲ, ಲಿಲಿ ಇಲ್ಲ. ಕಿತ್ತಳೆ ಸಿಪ್ಪೆಯನ್ನು ಮಡಚಿದಾಗ ಕಣ್ಣಿಗೆ ಚಿಮ್ಮುತ್ತದಲ್ಲ, ಆ ಉರಿ. ಮಗಳು ಆಮೇಲೆ ಹೇಳಿದಳು, ಸೆಂಟಿನಲ್ಲಿ ಮೊದಲು ಬೇಗ ಹಾರಿಹೋಗುವಂಥದ್ದನ್ನು ಇಡುತ್ತಾರಂತೆ, ನಿಂಬೆ, ಕಿತ್ತಳೆ ಜಾತಿಯವು. ಕಾಲು ಗಂಟೆಯ ಆಟ. ನನಗೆ ಆ ಕಾಲು ಗಂಟೆಯೇ ದೊಡ್ಡದಾಯಿತು. ನಾನು ಹುಡುಗನಾಗಿದ್ದಾಗ ನಮ್ಮ ಕಾಫಿ ನಡುವೆ ಪೂರ್ತಿ ಕಿತ್ತಳೆ ಇತ್ತು. ಕೊಡಗಿನ ಕಿತ್ತಳೆಗೆ ಸಿಪ್ಪೆ ಸಡಿಲ. ಉಗುರು ಹಾಕಿದರೆ ಅಂಗಿ ಬಿಚ್ಚಿದ ಹಾಗೆ ಬರುತ್ತದೆ. ಬೆತ್ತದ ಬುಟ್ಟಿಯಲ್ಲಿ ಹುಲ್ಲು ಹಾಸಿ ತುಂಬುತ್ತಿದ್ದರು. ರಾತ್ರಿ ಕರೆಂಟು ಹೋದಾಗ ನಾವು ಮಕ್ಕಳು ಸಿಪ್ಪೆಯನ್ನು ದೀಪದ ಹತ್ತಿರ ಹಿಂಡಿ ಚಿಟಿಚಿಟಿ ಕಿಡಿ ಹಾರಿಸುವುದು, ಅಪ್ಪ ಬೈಯುವುದು. ಆಮೇಲೆ ಎಲೆ ಹಳದಿಯಾಗುವ ಗ್ರೀನಿಂಗ್ ರೋಗ ಬಂತು. ಗಿಡ ಒಂದೊಂದಾಗಿ ಒಣಗಿತು. ಅಪ್ಪ ಕಡಿದ ಜಾಗಕ್ಕೆಲ್ಲ ಸಿಲ್ವರ್ ಓಕ್ ನೆಟ್ಟು ಕಾಳುಮೆಣಸು ಹಬ್ಬಿಸಿದರು. ಈಗ ಉಳಿದಿರುವುದು ಮನೆ ಹಿಂದೆ ಎರಡು, ಅದೂ ಮಂಗಗಳ ಪಾಲಿಗೆ. ಯಾವುದೋ ದೇಶದ ಮಂಜಿನ ಬೆಟ್ಟದ ಬಾಟಲಿಯಿಂದ ನಮ್ಮ ಅಪ್ಪನ ಬುಟ್ಟಿ ಬರುತ್ತದೆ ಅಂತ ಮಗಳಿಗಾದರೂ ಹೇಗೆ ಗೊತ್ತಿರಬೇಕು.

"ಏನ್ರೀ ಇದು, ಮದುವೆಗೆ ಹೊರಟ ಹಾಗೆ," ಅಂದಳು ಇವಳು. ಮೂಗು ಸ್ವಲ್ಪ ಮೇಲೆತ್ತಿ ಇನ್ನೊಂದು ಸಲ ಎಳೆದುಕೊಂಡದ್ದನ್ನು ನಾನು ನೋಡಿದೆ, ನೋಡಲಿಲ್ಲ ಅಂತ ಇದ್ದುಬಿಟ್ಟೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ತೋಟಕ್ಕೆ ಒಂದು ಸುತ್ತು ಇಳಿದೆ. ಅಲ್ಲಿ ನನ್ನ ಸೆಂಟು ಕಾಣೆಯಾಯಿತು. ಕೆರೆಗೆ ಒಂದು ಲೋಟ ನೀರು ಸುರಿದ ಹಾಗೆ. ಕಾಫಿ ಹೂವಿನ ವಾಸನೆಯನ್ನು ಪ್ರವಾಸಿಗಳು ಮಲ್ಲಿಗೆ ಅನ್ನುತ್ತಾರೆ. ಮೊದಲ ದಿನ ಬೆಳಗ್ಗೆ ಹೌದು, ಮಲ್ಲಿಗೆಯೇ. ಮಧ್ಯಾಹ್ನ ಬಿಸಿಲೇರಿದ ಮೇಲೆ ಜೇನು ಕಾಯಿಸಿದ ಹಾಗೆ ದಪ್ಪವಾಗುತ್ತದೆ, ನನಗೆ ತಲೆ ಹಿಡಿಯುತ್ತದೆ. ಮೂರನೇ ದಿನ ಹೂವು ಕಂದಾಗಿ, ಒದ್ದೆ ಕಂಬಳಿಯ ವಾಸನೆ. ಅಷ್ಟೂ ದಿನ ನಾವು ಅದನ್ನು ಮೂಗಿನಿಂದ ಮೂಸುವುದಿಲ್ಲ, ಲೆಕ್ಕದಿಂದ ಮೂಸುತ್ತೇವೆ. ಈಗ ಮಳೆ ಬಂದು ಹೂವು ಕೊಳೆಯದಿದ್ದರೆ, ಜೇನು ಬಂದರೆ, ಆಮೇಲೆ ಕಾಯಿ ನಿಲ್ಲಿಸುವ ಹಿಮ್ಮಳೆ ಸಿಕ್ಕಿದರೆ, ಇಷ್ಟು ಮೂಟೆ. ರೋಬಸ್ಟಾ ತನ್ನ ಹೂವಿನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ. ಪಕ್ಕದ ಬೇರೆ ಗಿಡದ್ದು ಗಾಳಿಯೋ ಜೇನೋ ತಂದುಕೊಡಬೇಕು.

ಹಲಸಿನ ಮರದ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿತ್ತು. ಅದರ ಕೆಳಗೆ ಹಾದುಹೋಗುವಾಗ ನಮ್ಮಲ್ಲಿ ವರ್ಷಗಳಿಂದ ಕೆಲಸಕ್ಕೆ ಬರುವ ಅಕ್ಕ ಕೂಗಿದರು.

"ಅಣ್ಣಾ, ಈ ಕಡೆ ಬನ್ನಿ! ಸೆಂಟು ಹಾಕಿಕೊಂಡು ಜೇನಿನ ಬುಡಕ್ಕೆ ಯಾರಾದ್ರೂ ಹೋಗ್ತಾರಾ? ಎದ್ದರೆ ಹೊಳೆ ತನಕ ಓಡಿಸ್ತದೆ."

ಅವರಿಗೆ ಹತ್ತು ಮಾರು ದೂರದಿಂದ ವಾಸನೆ ಹೊಡೆದಿತ್ತು. ನನಗೆ ಮಾತ್ರ ಇಲ್ಲ. ಹಾಕಿಕೊಂಡವನ ಮೂಗು ಬೇಗ ಮರೆತುಬಿಡುತ್ತದೆ. ಅವರು ಹೇಳಿದ್ದು ಸುಳ್ಳಲ್ಲ. ಜೇನು ಸಾಕುವವರು ಪೆಟ್ಟಿಗೆ ತೆರೆಯುವ ದಿನ ಸೆಂಟು ಮುಟ್ಟುವುದಿಲ್ಲ. ಜೇನುಹುಳ ಸಿಟ್ಟಿಗೆದ್ದಾಗ ಬಿಡುವ ವಾಸನೆ ಬಾಳೆಹಣ್ಣಿನ ಹಾಗಿರುತ್ತದೆ, ಅದಕ್ಕೆ ಬಾಳೆಹಣ್ಣು ತಿಂದೂ ಹೋಗಬಾರದು ಅನ್ನುತ್ತಾರೆ. ನಾನು ಹಿಂದೆ ಸರಿಯುವಷ್ಟರಲ್ಲಿ ಒಂದು ಹುಳ ಬಂದು ಮಣಿಕಟ್ಟಿನ ಸುತ್ತ ಎರಡು ಸುತ್ತು ಹಾಕಿತು. ಉಸಿರು ಹಿಡಿದು ನಿಂತೆ. ಅದು ಒಂದು ಗಳಿಗೆ ಕೂತು, ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಪಕ್ಕದ ಗಿಡಕ್ಕೆ ಹೋಯಿತು. ಭಯ ಹೋದ ಮೇಲೆ ಸ್ವಲ್ಪ ಅವಮಾನವೂ ಆಯಿತು, ಸುಳ್ಳು ಹೇಳಬಾರದು.

"ಜೇನಿಗೆ ಬೇಡವಂತೆ ಅಣ್ಣಾ," ಅಂದರು ಅಕ್ಕ. "ಆನೆಗಾದ್ರೂ ಇಷ್ಟ ಆಗ್ತದಾ ಏನೋ. ರಾತ್ರಿ ಹೊರಗೆ ಬರಬೇಡಿ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ಲಿಲಿ ಬಂತು. ಇಷ್ಟು ಹೊತ್ತಿಗೆ ಕಿತ್ತಳೆ ಹೋಗಿತ್ತು. ಹೇಗಿತ್ತು ಅಂತ ಹೇಳುವುದು ಕಷ್ಟ. ಒಗೆದು ಇಸ್ತ್ರಿ ಮಾಡಿದ ಬಿಳಿ ಪಂಚೆ, ಅದರ ಮೇಲೆ ತಣ್ಣೀರು ಚಿಮುಕಿಸಿದ ಹಾಗೆ. ಚೆನ್ನಾಗಿತ್ತು. ಆದರೆ ಯಾರೂ ಬೆವರದ ಜಾಗದ್ದು. ಸಂತೆಯಲ್ಲಿ ಒಣಮೀನಿನ ಸಾಲಿಗೆ ಬಂದಾಗ ಇದಕ್ಕೆ ಏನು ಗತಿಯಾಗಬೇಕು ಊಹಿಸಿಕೊಳ್ಳಿ. ಸೊಸೈಟಿಯಲ್ಲಿ ಸಾಲಿನಲ್ಲಿ ನನ್ನ ಮುಂದಿದ್ದ ಹಳೇ ಸ್ನೇಹಿತ ತಿರುಗಿ ನೋಡಿ, "ಏನು ಮಾರಾಯ, ಬಡ್ಡಿ ಮನ್ನಾ ಆಯ್ತಾ?" ಅಂದ. ಉಳಿದ ಕೆಲಸವೆಲ್ಲ ಬೇಗ ಮುಗಿಯಿತು.

ಸಂಜೆ ಬಸ್ಸು ಮಕ್ಕಂದೂರು ದಾಟಿ ಹಟ್ಟಿಹೊಳೆ ಕಡೆ ಇಳಿಯುವಾಗ ಬೆಟ್ಟಗಳ ಮೇಲಿನ ಗಾಯ ಕಾಣುತ್ತದೆ. 2018ರ ಆಗಸ್ಟಿನಲ್ಲಿ ಜಾರಿದ ಜಾಗಗಳು. ಈಗ ಹಸಿರು ಮುಚ್ಚಿಕೊಂಡಿದೆ, ಗೊತ್ತಿದ್ದವರಿಗೆ ಮಾತ್ರ ಗೊತ್ತು. ಆ ದಿನಗಳ ವಾಸನೆ ನನಗಿನ್ನೂ ಇದೆ: ಒಳಗಿನ ಹಸಿಮಣ್ಣು, ಅದರೊಳಗೆ ಜಜ್ಜಿಹೋದ ಮರಗಳ ಹಾಲು, ಬೇರು. ಚೆನ್ನಾಗಿ ಕಾಯಿ ಕಟ್ಟಿದ ತೋಟವನ್ನು ಯಾರೋ ಒರಳಲ್ಲಿ ಹಾಕಿ ಅರೆದ ಹಾಗೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ, ಉತ್ತರದ ಕನೌಜಿನಲ್ಲಿ ಅದನ್ನೇ ಗಂಧದೆಣ್ಣೆಗೆ ಇಳಿಸಿ ಅತ್ತರು ಮಾಡುತ್ತಾರೆ. ಮಗಳು ಅದನ್ನೂ ಒಮ್ಮೆ ಕಳಿಸುತ್ತೇನೆ ಅಂದಿದ್ದಳು. ಬೇಡ ಅಂದೆ, ಕಾರಣ ಹೇಳಲಿಲ್ಲ. ಈ ಬಾಟಲಿಯಲ್ಲಿ ಬೆಟ್ಟ ಇದೆ, ಮಣ್ಣಿಲ್ಲ. ಮಾಡಿದವರು ಬೆಟ್ಟವನ್ನು ದೂರದಿಂದ, ಶುಭ್ರವಾದ ದಿನ ನೋಡಿದ್ದಾರೆ. ಅವತ್ತು ಬಸ್ಸಿನಲ್ಲಿ ಅದು ನನಗೆ ಕೊರತೆ ಅನಿಸಲಿಲ್ಲ. ಮಣಿಕಟ್ಟನ್ನು ಮೂಗಿನ ಹತ್ತಿರವೇ ಇಟ್ಟುಕೊಂಡು ಆ ತಿರುವುಗಳನ್ನು ದಾಟಿದೆ.

ನನ್ನನ್ನೇ ಕೇಳಿ ಮಾಡಿದ್ದರೆ ಬಾಟಲಿಗೆ ಏನು ಹಾಕಿಸುತ್ತಿದ್ದೆ? ಕಕ್ಕಡ ಹದಿನೆಂಟರ ಮದ್ದು ಸೊಪ್ಪು, ಖಂಡಿತ. ಕಕ್ಕಡ ಅಂದರೆ ಕೊಡಗಿನ ಜೋರು ಮಳೆಯ ತಿಂಗಳು. ಕಕ್ಕಡ ಹುಟ್ಟಿದಂದಿನಿಂದ ದಿನಕ್ಕೊಂದು ಮದ್ದು ಸೇರುತ್ತದೆ ಅನ್ನುತ್ತಾರೆ, ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಸೊಪ್ಪು ಘಮ್ಮೆನ್ನುತ್ತದೆ. ಕುದಿಸಿದರೆ ನೇರಳೆ ಬಣ್ಣದ ನೀರು, ಅದರಲ್ಲಿ ಪಾಯಸ. ಜೊತೆಗೆ ಜಿಗಣೆಗೆ ಹಚ್ಚುವ ಹೊಗೆಸೊಪ್ಪು. ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಪಲ್ಪಿನ ಗುಂಡಿ ಮಾತ್ರ ಬೇಡ. ಯಾರು ಕೊಳ್ಳುತ್ತಾರೆ ಅಂತ ಕೇಳಬೇಡಿ.

ಮನೆಗೆ ಬಂದು ಸ್ನಾನ ಮಾಡಿದೆ. ಹೂವು ಹೋಯಿತು, ಮರ ಹೋಗಲಿಲ್ಲ. ಕೊನೆಗೆ ಉಳಿಯುವುದು ದೇವದಾರು, ಕಸ್ತೂರಿ ತರದ್ದು ಅಂತ ಮಗಳು ಹೇಳಿದ್ದಳು. ಒಲೆಯ ಹೊಗೆಯ ಜೊತೆ ಅದು ಜಗಳವಾಡಲಿಲ್ಲ. ದೀಪ ಹಚ್ಚಿದ ಮೇಲೆ ಮಳೆ ಪುಸ್ತಕ ತೆಗೆದೆ. ಅಪ್ಪ ಶುರುಮಾಡಿದ್ದು, ಹೊದಿಕೆ ಮೂರು ಸಲ ಬದಲಾಗಿದೆ. ತಾರೀಖು ಹಾಕಿ "ಹೂವು ಪೂರ್ತಿ, ಬಿಸಿಲು, ಜೇನು ಇದೆ" ಅಂತ ಬರೆದೆ. ಕೈ ಪುಟದ ಮೇಲೆ ಊರಿತ್ತು.

ಹಿಮ್ಮಳೆ ಹದಿನೆಂಟು ದಿನ ಕಾಯಿಸಿತು. ಬೆಳಗ್ಗೆ ಅಳತೆ ನೋಡಿ ಬಂದು ಪುಸ್ತಕ ಬಿಚ್ಚಿದೆ. ಅದೇ ಪುಟ. ಹಳೇ ಕಾಗದದ, ಗೆದ್ದಲಿನ ಪುಡಿಯ ವಾಸನೆಯ ನಡುವೆ ತೆಳ್ಳಗೆ ಒಂದು ಮರ, ನಮ್ಮ ಕಾಡಿನದ್ದಲ್ಲ. ಪುಟವನ್ನು ಮೂಗಿಗೆ ಹಿಡಿದಿರುವಾಗಲೇ ಇವಳು ಅಡುಗೆಮನೆಯಿಂದ ಕೇಳಿದಳು.

"ಎಷ್ಟಾಯ್ತು?"

"ಅರವತ್ತೈದು."