ಸ್ಪ್ಯಾನಿಷ್ ಪ್ರೊಫೆಸರ್‌ಗೆ ಕ್ಲಿನಿಕ್ಕಿನಲ್ಲಿ ಏನು ಕೆಲಸ?

ಅಮೆರಿಕದ ಕಾಲೇಜುಗಳಲ್ಲಿ ಸ್ಪ್ಯಾನಿಷ್ ಕಲಿಸುತ್ತ, ಜೊತೆಗೆ ಸಮುದಾಯ ಆರೋಗ್ಯ ಕೇಂದ್ರಗಳಲ್ಲೂ ದುಡಿಯುವ ನಮ್ಮಂಥವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಸಾಹಿತ್ಯ, ವ್ಯಾಕರಣ ಓದಿದವರಿಗೆ ಅಲ್ಲೇನು ಕೆಲಸ? ಡಾಕ್ಟರಿಗೇ ನಾಲ್ಕು ಮಾತು ಕಲಿಸಿದರೆ ಸಾಲದೆ?

ಸಾಲದು. ಮನೆಯಲ್ಲಿ ಸ್ಪ್ಯಾನಿಷ್ ಆಡುವವರು ಅಲ್ಲಿ 4 ಕೋಟಿಗೂ ಹೆಚ್ಚು. ಇಂಗ್ಲಿಷ್ ಬಾರದವರು ಡಾಕ್ಟರ ಮುಂದೆ ಕೂತರೆ ಎಷ್ಟೋ ಸಲ ಮಗನೋ ಸೊಸೆಯೋ ಮಾತು ದಾಟಿಸುತ್ತಾರೆ. ಮಕ್ಕಳ ವೈದ್ಯ ಗ್ಲೆನ್ ಫ್ಲೋರೆಸ್ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಾಕ್ಟರು-ರೋಗಿಯ 13 ಭೇಟಿಗಳಲ್ಲಿ ಮಾತು ದಾಟಿಸುವಾಗ ಆದ 396 ತಪ್ಪು ಸಿಕ್ಕವು. ಅರ್ಧಕ್ಕಿಂತ ತುಸು ಹೆಚ್ಚಿನವು ಹೇಳಿದ್ದನ್ನು ನುಂಗಿಬಿಟ್ಟ ತಪ್ಪುಗಳು. ಅದೇ ಫ್ಲೋರೆಸ್ 2012ರಲ್ಲಿ ತೋರಿಸಿದ್ದು: 100 ಗಂಟೆ ಅಥವಾ ಹೆಚ್ಚು ತರಬೇತಿ ಪಡೆದ ದುಭಾಷಿಗಳ ತಪ್ಪುಗಳಲ್ಲಿ ರೋಗಿಗೆ ತೊಂದರೆ ತರಬಲ್ಲವು ಶೇ. 2 ಮಾತ್ರ, ಅದಕ್ಕಿಂತ ಕಡಿಮೆ ತರಬೇತಿಯವರಲ್ಲಿ ಶೇ. 12. ವೈದ್ಯಕೀಯ ದುಭಾಷಿಗಳ ರಾಷ್ಟ್ರಮಟ್ಟದ ಪ್ರಮಾಣಪತ್ರ ಪರೀಕ್ಷೆಗೆ ಕೂರಲು ಬೇಕಾದದ್ದು 40 ಗಂಟೆಯ ತರಬೇತಿ ಅಷ್ಟೆ. ಉಳಿದದ್ದನ್ನು ತುಂಬಿಕೊಡುವುದು ಪ್ರೊಫೆಸರ್ ಕೆಲಸ.

ತರಗತಿಯಲ್ಲಿ ಮೂವರ ಗುಂಪು ಮಾಡುತ್ತೇವೆ: ಡಾಕ್ಟರು, ರೋಗಿ, ದುಭಾಷಿ. ದುಭಾಷಿ ರೋಗಿಯ ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ. ನಡುವೆ ನಿಂತರೆ ಡಾಕ್ಟರು ರೋಗಿಯನ್ನು ಬಿಟ್ಟು ದುಭಾಷಿಯ ಮುಖ ನೋಡಿ ಮಾತಾಡತೊಡಗುತ್ತಾರೆ. ರೋಗಿ 'ನನಗೆ ಎದೆ ಉರಿ' ಎಂದರೆ 'ನನಗೆ' ಎಂದೇ ಹೇಳಬೇಕು, 'ಅವರಿಗಂತೆ' ಅಲ್ಲ. ಎರಡು ಮೂರು ವಾಕ್ಯಕ್ಕೊಮ್ಮೆ ಕೈಯೆತ್ತಿ ನಿಲ್ಲಿಸಬೇಕು. ಸಂಖ್ಯೆ ಮತ್ತು ಮಾತ್ರೆಯ ಹೆಸರನ್ನು ಬರೆದುಕೊಳ್ಳಲೇಬೇಕು, ನೆನಪು ಮೊದಲು ಕೈಕೊಡುವುದು ಅಲ್ಲೇ. ನಮ್ಮ 'ನೀವು' ಇದ್ದಂತೆ ಅವರಲ್ಲಿ 'ಉಸ್ತೆದ್' ಇದೆ. ಹಿರಿಯ ರೋಗಿಗೆ ಏಕವಚನ ಬಳಸಿದರೆ ಆ ಮುಖ ಮತ್ತೆ ಅರಳುವುದು ಕಷ್ಟ.

ಕೇಳುವ ಬಗೆಯನ್ನೂ ಕಲಿಸಬೇಕು. ಮೆಕ್ಸಿಕೊ ಮೂಲದ ಕೆಲವು ಮನೆಗಳಲ್ಲಿ ಮಗುವಿಗೆ 'ಎಂಪಾಚೊ', ಅಂದರೆ ತಿಂದದ್ದು ಹೊಟ್ಟೆಯಲ್ಲೇ ಕಟ್ಟಿಕೊಂಡಿದೆ ಎನಿಸಿದಾಗ 'ಗ್ರೆತಾ' ಎಂಬ ಹಳದಿ ಪುಡಿ ಅಥವಾ 'ಅಸಾರ್ಕೋನ್' ಎಂಬ ಕಿತ್ತಳೆ ಪುಡಿ ಕೊಡುವುದುಂಟು. ಎರಡರಲ್ಲೂ ಇರುವುದು ಬಹುಪಾಲು ಸೀಸ. 'ಏನಾದರೂ ಔಷಧಿ ಕೊಡುತ್ತಿದ್ದೀರಾ?' ಎಂದರೆ ತಾಯಿ ಇಲ್ಲ ಎನ್ನುತ್ತಾಳೆ, ಸುಳ್ಳಲ್ಲ. ಅವಳಿಗೆ ಅದು ಮನೆಮದ್ದು. 'ಹೊಟ್ಟೆ ಕೆಟ್ಟಾಗ ಮನೆಯಲ್ಲಿ ಏನು ಕೊಡ್ತೀರಿ? ಕಷಾಯ? ಪುಡಿ? ಯಾವ ಬಣ್ಣದ್ದು?' ಎಂದು ಬೈಯದೆ ಕೇಳಿದರೆ ಉತ್ತರ ಬರುತ್ತದೆ, ರಕ್ತದಲ್ಲಿ ಸೀಸದ ಪರೀಕ್ಷೆಗೂ ದಾರಿಯಾಗುತ್ತದೆ.

ಸಿರಪ್ ವಿಷಯದಲ್ಲೂ ಹೀಗೇ ಎಚ್ಚರ ಬೇಕು. ಟೀ ಚಮಚ 5 ಮಿ.ಲೀ., ದೊಡ್ಡ ಚಮಚ 15. ಬರೀ 'ಒಂದು ಚಮಚ' ಎಂದರೆ ಮೂರು ಪಟ್ಟು ಹೋದೀತು. ಸೂಜಿಯಿಲ್ಲದ ಸಿರಿಂಜು ಕೊಟ್ಟು, 5ರ ಗೆರೆ ತೋರಿಸಿ, 'ಈಗ ನೀವು ಎಳೆದು ತೋರಿಸಿ' ಎನ್ನಬೇಕು. 'ಅರ್ಥವಾಯಿತಾ?' ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ.

ಒಂದು ವಿಷಯದಲ್ಲಿ ನಾವು ಕಟ್ಟುನಿಟ್ಟು. ಎರಡು ವರ್ಷ ಸ್ಪ್ಯಾನಿಷ್ ಓದಿದ ವಿದ್ಯಾರ್ಥಿ ನೋಂದಣಿ ಮೇಜಿನಲ್ಲಿ ಕೂರಲಿ, ಭೇಟಿಯ ದಿನ ನೆನಪಿಸುವ ಫೋನ್ ಮಾಡಲಿ, ಬಿಪಿ ನೋಡುವ ಮುನ್ನ ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಲಿ. ಡಾಕ್ಟರು ರೋಗಿಯನ್ನು ನೋಡುವ ಕೊಠಡಿಯೊಳಗೆ ದುಭಾಷಿಯಾಗಿ ಮಾತ್ರ ಹೋಗಬಾರದು. ಸ್ಪ್ಯಾನಿಷ್ ಏನೂ ಬಾರದವನು ಫೋನಿನಲ್ಲಿ ದುಭಾಷಿಯನ್ನು ಕರೆಯುತ್ತಾನೆ. ಅರ್ಧ ಬಲ್ಲವನು ಊಹಿಸುತ್ತಾನೆ.

ಸ್ಪ್ಯಾನಿಷ್ ಚೆನ್ನಾಗಿ ಬಲ್ಲವರೂ ಎಡವುವುದುಂಟು. ಮೆಕ್ಸಿಕೊದ ಓಹಾಕದಿಂದ, ಗ್ವಾಟೆಮಾಲಾದಿಂದ ಹೊಲದ ಕೆಲಸಕ್ಕೆ ಬಂದ ಎಷ್ಟೋ ಮಂದಿಯ ಮನೆಮಾತು ಸ್ಪ್ಯಾನಿಷ್ ಅಲ್ಲ, ಮಿಶ್ಟೆಕ್ ಅಥವಾ ಮಾಮ್ ಎಂಬ ಅಲ್ಲಿನ ಮೂಲನಿವಾಸಿಗಳ ಭಾಷೆ. ಎಲ್ಲದಕ್ಕೂ 'ಸಿ, ಸಿ' (ಹೌದು, ಹೌದು) ಎನ್ನುವ ರೋಗಿಯನ್ನು ಕಂಡರೆ ಅಲ್ಲೇ ನಿಲ್ಲಿಸಿ, ಮನೆಯಲ್ಲಿ ಯಾವ ಮಾತು ಎಂದು ಕೇಳಿ, ಆ ಭಾಷೆಯ ದುಭಾಷಿಯನ್ನು ಕರೆಸಬೇಕು.