ಅಪ್ಪಾ, ಅಡಿಕೆ ನೆನೀತು!

ಲಂಡನ್ನಿನಲ್ಲಿ ವಿಂಬಲ್ಡನ್ ಟೆನ್ನಿಸ್ ಶುರುವಾದ ವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ. ನಾಲ್ಕು ತಾಸು ಕ್ಯೂ ನಿಂತು ಗ್ರೌಂಡ್ ಪಾಸ್ ಸಿಕ್ಕಿತು. ಹೊರಗಿನ ಸಣ್ಣ ಕೋರ್ಟಿನಲ್ಲಿ ಪುರುಷರ ಸಿಂಗಲ್ಸ್, ಮೊದಲ ಸುತ್ತು. ಎರಡನೇ ಸೆಟ್ಟಿಗೆ ಹನಿ ಬಿತ್ತು. ನಮ್ಮ ಶಿರಸಿಯಲ್ಲಿ ಅದನ್ನು ಮಳೆ ಅಂತ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಲ್ಲಿ ಆಟ ನಿಂತೇಹೋಯಿತು. ಎಲ್ಲಿದ್ದರೋ ಏನೋ, ಹತ್ತು ಹದಿನೈದು ಹುಡುಗರು ಓಡಿ ಬಂದು ನೆಟ್ ಇಳಿಸಿ, ದೊಡ್ಡ ಹೊದಿಕೆ ಎಳೆಯತೊಡಗಿದರು.

ಏಳು ವರ್ಷದ ಮಗಳು ಎದ್ದು ನಿಂತು ಕೂಗಿದಳು: "ಅಪ್ಪಾ, ಅಡಿಕೆ ನೆನೀತು! ಬೇಗ, ಬೇಗ!"

ಏನಾಯಿತು ಮಗೂಗೆ ಅಂತ ಪಕ್ಕದ ಅಜ್ಜಿ ಕೇಳಿದರು. ಅಡಿಕೆ, ಅಂಗಳ, ತಾಡಪಾಲು ಅಂತೆಲ್ಲ ವಿವರಿಸಿದೆ. ಎಷ್ಟು ಅರ್ಥವಾಯಿತೋ, ಥರ್ಮಾಸಿನಿಂದ ಒಂದು ಮುಚ್ಚಳ ಚಾ ಕೊಟ್ಟರು.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆವು. ಚಾಲಿ, ಅಂದರೆ ಬೇಯಿಸದೆ ಒಣಗಿಸುವ ಅಡಿಕೆ, ಸಿಪ್ಪೆ ಸಮೇತ 40-45 ದಿನ ಬಿಸಿಲು ಕಾಣಬೇಕು. ನಡುವೆ ಒಂದು ಅಕಾಲ ಮಳೆ ಸಾಕು, ಬೂಸ್ಟು ಹಿಡಿದು ರೇಟು ಬಿದ್ದುಹೋಗುತ್ತದೆ. ಒಂದು ರಾತ್ರಿ ಹೆಂಚಿನ ಮೇಲೆ ಟಪ್ ಅಂದಿದ್ದೇ ತಡ, ಅಪ್ಪ ಲುಂಗಿ ಎತ್ತಿ ಕಟ್ಟಿ ಅಂಗಳಕ್ಕೆ ಓಡಿದರು. ಅಮ್ಮ ಬ್ಯಾಟರಿ ಹಿಡಿದಳು. ನಾನೊಂದು ತುದಿ, ಅಪ್ಪ ಒಂದು ತುದಿ. ತಾಡಪಾಲಿನ ಮೂಲೆಗೆ ಕಲ್ಲು ಹೇರುವುದು ಮಗಳ ಕೆಲಸ. ಅವಳಿಗೆ ರಜೆಯಲ್ಲೇ ಅತಿ ಖುಷಿಯ ರಾತ್ರಿ ಅದು.

ಅಪ್ಪನಿಗೂ ಟೆನ್ನಿಸ್ ಹುಚ್ಚು ಇತ್ತು. 2008ರ ಫೈನಲ್, ನಡಾಲ್-ಫೆಡರರ್, ಇಬ್ಬರೂ ನಿದ್ದೆಗೆಟ್ಟು ನೋಡುತ್ತಿದ್ದೆವು. ಲಂಡನ್ನಿನ ಮಳೆಗೆ ಆಟ ಮತ್ತೆ ಮತ್ತೆ ನಿಂತಿತು. ಐದನೇ ಸೆಟ್ಟಿನಲ್ಲಿ ನಮ್ಮೂರ ಮಳೆಗೆ ಕರೆಂಟು ಹೋಯಿತು. ಇನ್ನು ಅದು ಬರುವುದು ಮೂರು ದಿನಕ್ಕೋ ನಾಲ್ಕು ದಿನಕ್ಕೋ. ಬೆಳಿಗ್ಗೆ ಬಂದ ಪೇಪರಿನಲ್ಲೂ ಫಲಿತಾಂಶ ಇಲ್ಲ, ಅದು ಅಚ್ಚಾಗುವಾಗ ಮ್ಯಾಚೇ ಮುಗಿದಿರಲಿಲ್ಲ! 9-7ರಲ್ಲಿ ನಡಾಲ್ ಗೆದ್ದ ಅಂತ ಪೇಟೆಗೆ ಹೋದಾಗಲೇ ಗೊತ್ತಾಗಿದ್ದು. ಮರುವರ್ಷ ಅಲ್ಲಿನ ಮುಖ್ಯ ಅಂಕಣವಾದ ಸೆಂಟರ್ ಕೋರ್ಟಿಗೆ ಚಾವಣಿ ಬಂತು. ನಮ್ಮೂರ ಕರೆಂಟು ಈಗಲೂ ಹಾಗೇ ಇದೆ ಬಿಡಿ.

ಆ ಸಂಜೆ ಫೋನಿನಲ್ಲಿ ಮೊಮ್ಮಗಳು ಕೂಗಿದ ಕತೆ ಹೇಳಿದೆ. ಅಪ್ಪ ಜೋರಾಗಿ ನಕ್ಕರು. ಆಮೇಲೆ ಸ್ವಲ್ಪ ಸುಮ್ಮನಿದ್ದು ಕೇಳಿದರು:

"ಎಳೆಯೋಕೆ ಎಷ್ಟು ಜನ ಇದ್ರು?"

"ಹತ್ತು ಹದಿನೈದು ಜನ."

"ಅಷ್ಟು ಜನ ಇದ್ರೆ ಆಗ್ತು" ಅಂದರು.